ಭಯೋತ್ಪಾದನೆಯ ಪಟ್ಟಿಯೂ ಪರಮಾಣು ಸಂಧಾನವೂ

ಅಂತಾರಾಷ್ಟ್ರೀಯ ಭಯೋತ್ಪಾದನೆಗೆ ಪದೇ ಪದೇ ಬೆಂಬಲವಿತ್ತ ರಾಷ್ಟ್ರಗಳನ್ನು ಗುರುತಿಸಿ ಪಟ್ಟಿ ಮಾಡುವ ಅಧಿಕಾರವನ್ನು 1979ರ ರಫ್ತು ಶಾಸನದ ಮೂಲಕ ಅಮೆರಿಕದ ಕಾಂಗ್ರೆಸ್ಸು ತನ್ನ ವಿದೇಶಾಂಗ ಕಾರ್ಯದರ್ಶಿಗೆ ಒಪ್ಪಿಸಿತು. ಹಿಂದಿನ ಆರು ತಿಂಗಳಲ್ಲಿ ಅಂತಹ ಬೆಂಬಲ ನೀಡಿಲ್ಲವೆಂದೂ ಮುಂದೆ ನೀಡುವುದಿಲ್ಲವೆಂಬ ಭರವಸೆ ದೊರೆತಿದೆಯೆಂದೂ ಅಧ್ಯಕ್ಷರು ದೃಢಪಡಿಸಿದರೆ, 45 ದಿನಗಳ ತರುವಾಯ ಹೆಸರನ್ನು ತೆಗೆಯಬಹುದೆಂಬ ನಿಯಮವೂ ಕಾಲಕ್ರಮದಲ್ಲಿ ಸೇರಿತು. ಪರಮಾಣು ಅಸ್ತ್ರದ ಪ್ರಸ್ತಾಪ ಈ ಪರೀಕ್ಷೆಯಲ್ಲಿ ಎಲ್ಲಿಯೂ ಇಲ್ಲವೆಂಬುದನ್ನು ವಾಚಕರು ಲಕ್ಷ್ಯದಲ್ಲಿರಿಸಬೇಕು.

1987ರ ನವೆಂಬರ್ 29ರಂದು ಬಾಗ್ದಾದಿನಿಂದ ಸೋಲ್ ನಗರಕ್ಕೆ ಹೊರಟಿದ್ದ ಕೊರಿಯನ್ ಏರ್ ವಿಮಾನವು, ಅಬುಧಾಬಿಯಲ್ಲಿ ಇಳಿದುಹೋದ ಇಬ್ಬರು ಒಂದು ರೇಡಿಯೋದಲ್ಲಿಯೂ ಮದ್ಯದ ಸೀಸೆಯಲ್ಲಿಯೂ ಅಡಗಿಸಿಟ್ಟಿದ್ದ ಸ್ಫೋಟಕದಿಂದ ಅಂಡಮಾನ್ ಸಮುದ್ರದ ಮೇಲೆ ಛಿದ್ರವಾಗಿ, 115 ಜನರು ಅಸುನೀಗಿದರು. ಬಹ್ರೇನಿನಲ್ಲಿ ಸಿಕ್ಕಿಬಿದ್ದ ಆ ಇಬ್ಬರಲ್ಲಿ ಪುರುಷನು ವಿಷ ಸೇವಿಸಿ ಸತ್ತನು. ಬದುಕುಳಿದ ಕಿಮ್ ಹ್ಯೋನ್-ಹೂಯಿ ಎಂಬಾಕೆ ತಾನು ಉತ್ತರ ಕೊರಿಯದ ಗೂಢಚಾರಿಣಿಯೆಂದು ಒಪ್ಪಿಕೊಂಡಳು. 1988ರ ಜನವರಿಯಲ್ಲಿ ಉತ್ತರ ಕೊರಿಯದ ಹೆಸರು ಪಟ್ಟಿಯನ್ನು ಸೇರಿದುದು ನ್ಯಾಯವೇ ಆಗಿತ್ತು. ಆದರೆ 1987ರ ಬಳಿಕ ಆ ರಾಷ್ಟ್ರವು ಅಂತಹ ಕೃತ್ಯವೆಸಗಿದುದು ತಿಳಿದುಬಂದಿಲ್ಲವೆಂದು ಅಮೆರಿಕದ ವಾರ್ಷಿಕ ವರದಿಗಳೇ ಹೇಳುತ್ತ ಬಂದರೂ ಹೆಸರು ಇಪ್ಪತ್ತು ವರ್ಷ ಅಲ್ಲಿಯೇ ಉಳಿಯಿತು; ತೆಗೆಯುವ ಮಾತು ಬಂದುದು 2007ರ ಫೆಬ್ರುವರಿಯಲ್ಲಿ, ಯೋಂಗ್‌ಬ್ಯೋನ್ ಪರಮಾಣು ಸ್ಥಾವರವನ್ನು ಮುಚ್ಚಿಸುವ ಆರು ರಾಷ್ಟ್ರಗಳ ಒಪ್ಪಂದದಲ್ಲಿ. 2008ರ ಜೂನ್ 26ರಂದು ಉತ್ತರ ಕೊರಿಯವು ತನ್ನ ಪರಮಾಣು ಕಾರ್ಯದ ವಿವರವನ್ನು ಚೀನಕ್ಕೆ ಸಲ್ಲಿಸಿದ ದಿನವೇ ಅಧ್ಯಕ್ಷ ಬುಷ್ ಹೆಸರು ತೆಗೆಯುವ ಬಗೆಗೆ ಕಾಂಗ್ರೆಸ್ಸಿಗೆ ಸೂಚನೆಯಿತ್ತರು. ಮರುದಿನ ಸ್ಥಾವರದ ಶೀತಕ ಗೋಪುರ ನೆಲಕ್ಕುರುಳಿತು. 45 ದಿನಗಳು ಕಳೆದರೂ, ತಪಾಸಣೆಯ ಕ್ರಮ ಇತ್ಯರ್ಥವಾಗಿಲ್ಲವೆಂದು ಹೆಸರು ತೆಗೆಯುವುದನ್ನು ತಡೆಹಿಡಿಯಲಾಗಿ, ಉತ್ತರ ಕೊರಿಯವು ಸ್ಥಾವರವನ್ನು ನಿಷ್ಕ್ರಿಯಗೊಳಿಸುವ ಕೆಲಸ ನಿಲ್ಲಿಸಿ ಅಂತಾರಾಷ್ಟ್ರೀಯ ತಪಾಸಕರ ಮುದ್ರೆಗಳನ್ನು ತೆಗೆಸಿತು. ಕೊನೆಗೆ ಅಕ್ಟೋಬರ್ 11ರಂದು ಹೆಸರು ಪಟ್ಟಿಯಿಂದ ಹೋಯಿತು. ತಮ್ಮ ಮಕ್ಕಳನ್ನು ಉತ್ತರ ಕೊರಿಯವು ಅಪಹರಿಸಿದುದಕ್ಕೆ ಉತ್ತರ ಕೇಳುತ್ತಿದ್ದ ಜಪಾನೀ ತಂದೆತಾಯಿಗಳ ಅಳಲು ಈ ಲೆಕ್ಕಾಚಾರದಲ್ಲಿ ಎಣಿಕೆಗೆ ಬರಲಿಲ್ಲ.

ಅದರ ಹಿಂದಿನ ದಿನ, ಅಕ್ಟೋಬರ್ 10ರಂದು, ಅದೇ ವಾಷಿಂಗ್ಟನ್ನಿನಲ್ಲಿ ಭಾರತದ ವಿದೇಶಾಂಗ ಸಚಿವ ಪ್ರಣಬ್ ಮುಖರ್ಜಿಯವರೂ ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಕಾಂಡೊಲೀಸಾ ರೈಸರೂ ಭಾರತ–ಅಮೆರಿಕ ಪರಮಾಣು ಒಪ್ಪಂದಕ್ಕೆ ಸಹಿ ಹಾಕಿದ್ದರು. ಕನ್ನಡ ನಾಡಿಗೆ ಇದು ದೂರದ ಸುದ್ದಿಯಲ್ಲ. 1998ರ ಪೋಖರಣ್ ಪರೀಕ್ಷೆಗಳ ಬಳಿಕ ಬೆಂಗಳೂರಿನ ಬಾಹ್ಯಾಕಾಶ, ರಕ್ಷಣಾ ಹಾಗೂ ವಿಮಾನ ಸಂಸ್ಥೆಗಳು ಅಮೆರಿಕದ ಮತ್ತೊಂದು ಪಟ್ಟಿಯನ್ನು, ರಫ್ತು ನಿರ್ಬಂಧದ ಪಟ್ಟಿಯನ್ನು, ಸೇರಿದ್ದವು. ಅದು ಭಯೋತ್ಪಾದನೆಯ ಆರೋಪವಾಗಿರಲಿಲ್ಲ. ಆದರೆ ಹೆಸರು ಬರೆದು ಒತ್ತಡ ಹೇರುವ ಕ್ರಮ ಎರಡರಲ್ಲಿಯೂ ಒಂದೇ. ಲಘು ಯುದ್ಧವಿಮಾನದ ನಿಯಂತ್ರಣ ವ್ಯವಸ್ಥೆಗಾಗಿ ಲಾಕ್‌ಹೀಡ್ ಮಾರ್ಟಿನ್ ಸಂಸ್ಥೆಯೊಡನೆ ಅಮೆರಿಕದಲ್ಲಿ ದುಡಿಯುತ್ತಿದ್ದ ನಮ್ಮ ತಂತ್ರಜ್ಞರು ಬರಿಗೈಯಲ್ಲಿ ಮರಳಬೇಕಾಯಿತು. ಅವರು ಆ ಕಾರ್ಯವನ್ನು ಇಲ್ಲಿಯೇ ಪೂರೈಸಿ, 2001ರ ಜನವರಿ 4ರಂದು ಬೆಂಗಳೂರಿನ ಆಕಾಶಕ್ಕೆ ವಿಮಾನವನ್ನು ಏರಿಸಿದುದು ಈ ನಾಡು ಹೆಮ್ಮೆಯಿಂದ ನೆನೆಯಬೇಕಾದ ಸಂಗತಿ. ನಮ್ಮವರೇ ಆದ ಎಸ್. ಎಂ. ಕೃಷ್ಣ ಅವರು ವಿದೇಶಾಂಗ ಸಚಿವರಾಗಿದ್ದಾಗ, 2011ರ ಜನವರಿಯಲ್ಲಿ, ಇಸ್ರೋದ ಮತ್ತು ರಕ್ಷಣಾ ಸಂಶೋಧನೆಯ ಹಲವು ಘಟಕಗಳು ಆ ಪಟ್ಟಿಯಿಂದ ಬಿಡುಗಡೆ ಹೊಂದಿದವು. ಭಾರತವು ಅಷ್ಟರಲ್ಲಿ ಪರಮಾಣು ಪ್ರಸರಣ ತಡೆ ಒಪ್ಪಂದಕ್ಕೆ ಸಹಿ ಹಾಕಿರಲಿಲ್ಲ, ಅಸ್ತ್ರಗಳನ್ನು ತ್ಯಜಿಸಿರಲಿಲ್ಲ. ಬದಲಾದುದು ಉಭಯ ರಾಷ್ಟ್ರಗಳ ಸಂಬಂಧ.

ಲಿಬಿಯದ ಹೆಸರು 2006ರಲ್ಲಿ ಹೋದುದಕ್ಕೂ ಅದು 2003ರಲ್ಲಿ ತನ್ನ ಅಸ್ತ್ರಯೋಜನೆಯನ್ನು ತ್ಯಜಿಸಲು ಒಪ್ಪಿದುದೇ ಮುಖ್ಯ ಹಿನ್ನೆಲೆ. ಇರಾನಿನೊಡನೆ 2015ರಲ್ಲಿ ಆದ ಒಪ್ಪಂದ ಮಾತ್ರ ಪರಮಾಣುವನ್ನೂ ಭಯೋತ್ಪಾದನೆಯನ್ನೂ ಪ್ರತ್ಯೇಕವಾಗಿರಿಸಿತು. 1984ರಿಂದ ಪಟ್ಟಿಯಲ್ಲಿದ್ದ ಆ ದೇಶದ ಹೆಸರು ಅಲ್ಲಿಯೇ ಉಳಿಯಿತು. ಇದೇ ಹೆಚ್ಚು ಪ್ರಾಮಾಣಿಕವಾದ ಮಾರ್ಗವೆಂದು ನಾನು ಭಾವಿಸುತ್ತೇನೆ. ಕೊಲೆಯ ಆರೋಪವನ್ನು ಬೇರೊಂದು ವ್ಯವಹಾರದ ಬೆಲೆಯಾಗಿ ತೆತ್ತಾಗ, ಆರೋಪದ ಗೌರವವೂ ಕುಂದುತ್ತದೆ, ವ್ಯವಹಾರವೂ ಭದ್ರವಾಗುವುದಿಲ್ಲ. 2009ರ ಮೇ 25ರಂದು ಉತ್ತರ ಕೊರಿಯ ಎರಡನೆಯ ಪರಮಾಣು ಪರೀಕ್ಷೆ ನಡೆಸಿತು. 2017ರ ನವೆಂಬರ್ 20ರಂದು ಅಧ್ಯಕ್ಷ ಟ್ರಂಪ್ ಅದನ್ನು ಪುನಃ ಪಟ್ಟಿಗೆ ಸೇರಿಸಿದರು. ಏಳು ತಿಂಗಳೊಳಗೆ, ಹೆಸರು ಪಟ್ಟಿಯಲ್ಲಿರುವಾಗಲೇ, ಸಿಂಗಪುರದಲ್ಲಿ ಅದರ ನಾಯಕನ ಕೈಕುಲುಕಿದರು.