ಹೊನ್ನೂರು, ಹನೂರು, ಹನೋಯ್

ಹಬ್ಬಕ್ಕೆ ಊರಿಗೆ ಬಂದ ಬೆಂಗಳೂರು ಹುಡುಗರು ಈಗ ಹೊನ್ನೂರಿನಂಥ ಊರುಗಳ ಅರಳಿಕಟ್ಟೆಯ ಮೇಲೂ ವಿಯೆಟ್ನಾಂ ಲೆಕ್ಕ ಹಾಕುತ್ತಾರೆ: ಎಷ್ಟು ಜನ, ಎಷ್ಟು ದಿನ, ತಲೆಗೆಷ್ಟು. ಅವರ ತಾತಂದಿರು ಅದೇ ಕಟ್ಟೆಯಲ್ಲಿ ಕೂತು ಹಾಕುತ್ತಿದ್ದುದೂ ಇದೇ ಲೆಕ್ಕ, ಮಾದಪ್ಪನ ಬೆಟ್ಟಕ್ಕೆ. ಬ್ಯಾಕ್‌ಪ್ಯಾಕಿಂಗ್ ಎಂಬ ಮಾತು ನಮ್ಮ ಸೀಮೆಗೆ ಮೊನ್ನೆ ಮೊನ್ನೆ ಬಂದದ್ದು. ಗೆಳೆಯರನ್ನು ಕಟ್ಟಿಕೊಂಡು, ಬೇಕಾದಷ್ಟನ್ನೇ ಹೆಗಲಿಗೇರಿಸಿ ಊರು ಬಿಡುವ ರೂಢಿಯ ವಯಸ್ಸನ್ನು ಮಾತ್ರ ಲೆಕ್ಕವಿಟ್ಟವರಿಲ್ಲ. ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯಲ್ಲಿ ಆ ರೂಢಿ ಹೇಗೆ ಬದಲಾಗುತ್ತ ಬಂತು ಎಂದು ನೋಡಲು ನಾನು ಹಿಡಿದಿರುವ ಅಳತೆಗೋಲು ಒಂದೇ: ಹೊರೆ ಯಾರ ಹೆಗಲ ಮೇಲಿತ್ತು?

ಮೊದಲು ಪರ್ಸೆ, ಅಂದರೆ ದೇವರ ಯಾತ್ರೆ. ಜನಪದರ ಕಣ್ಣಿನಲ್ಲಿ ಮಾದಪ್ಪ, ಅಂದರೆ ಮಲೆ ಮಹದೇಶ್ವರನೇ ದೊಡ್ಡ ಅಲೆಮಾರಿ. ಉತ್ತರದ ಕಡೆಯಿಂದ ನಡೆದು ಬಂದು, ಕುಂತೂರು ಮಠದಲ್ಲಿ ರಾಗಿ ಬೀಸಿ, ಕೊನೆಗೆ ಎಪ್ಪತ್ತೇಳು ಮಲೆಯ ನಡುವೆ ನೆಲೆಯಾದವನು. ಕಂಸಾಳೆಯವರು ರಾತ್ರಿಯಿಡೀ ಹಾಡುವುದು ಆ ನಡಿಗೆಯನ್ನೇ. ಅವನ ಒಕ್ಕಲುಗಳೂ ನಡೆದೇ ಹೋದರು. ಕೊಳ್ಳೇಗಾಲದಿಂದ ಬೆಟ್ಟಕ್ಕೆ ಸುಮಾರು 80 ಕಿಲೋಮೀಟರ್. ಹನೂರು, ಕೌದಳ್ಳಿ ಹಾದು ತಾಳಬೆಟ್ಟ ಮುಟ್ಟಿದ ಮೇಲೆ ಕಾಡಿನ ಏರು ಶುರು. ಕನಕಪುರದ ಕಡೆಯವರು ಶಿವರಾತ್ರಿಯ ಹೊತ್ತಿಗೆ ಸಂಗಮದ ಆಚೆ ಕಾವೇರಿಗೆ ಇಳಿದು, ಹಗ್ಗ ಹಿಡಿದು, ಗಂಟನ್ನು ತಲೆಯ ಮೇಲೆ ಎತ್ತಿಕೊಂಡು ಹೊಳೆ ದಾಟಿ ಬರುತ್ತಾರೆ. ಇದು ಈಗಲೂ ನಿಂತಿಲ್ಲ. ಆ ಗಂಟಿನೊಳಗೆ ಅಕ್ಕಿ, ಕಡ್ಲೆಪುರಿ, ಬೆಲ್ಲ, ಒಂದು ಕಂಬಳಿ. ದಾರಿಯ ಊರಿನವರು ಮಜ್ಜಿಗೆ ಪಾನಕ ಹಿಡಿದು ನಿಲ್ಲುತ್ತಾರೆ, ಅನ್ನ ಸಾರು ಬಡಿಸುತ್ತಾರೆ. ಮಲಗಲು ಜಗಲಿ, ಇಲ್ಲವೇ ಮರದ ಬುಡ.

ಈ ಚಿತ್ರವನ್ನು ತೀರಾ ಸಿಹಿ ಮಾಡುವುದು ಬೇಡ. ಎಲ್ಲ ಜಗಲಿಗಳೂ ಎಲ್ಲರಿಗೂ ತೆರೆದಿರಲಿಲ್ಲ. ಯಾವ ಕೇರಿಯಿಂದ ಬಂದವರು ಎಂದು ಕೇಳಿಯೇ ನೀರು ಕೊಡುತ್ತಿದ್ದ ಕಾಲ ಅದು. ಹಾಗಾಗಿಯೇ ಚಿಕ್ಕಲ್ಲೂರು ಜಾತ್ರೆಗೆ ಬೇರೆ ತೂಕವಿದೆ. ಮಂಟೇಸ್ವಾಮಿ ಪರಂಪರೆಯ ಸಿದ್ಧಪ್ಪಾಜಿಯ ಗದ್ದುಗೆಯ ಸುತ್ತ ಐದು ದಿನ ಬಿಡಾರ ಹೂಡಿ, ಒಲೆ ಹಚ್ಚಿ, ಜಾತಿ ಮರೆತು ಪಂಕ್ತಿಯಲ್ಲಿ ಕೂತು ಉಣ್ಣುವ ಜನ, ಇಂದಿನ ಬ್ಯಾಕ್‌ಪ್ಯಾಕರ್ ಹಾಸ್ಟೆಲ್ ಅಡುಗೆಮನೆಯಲ್ಲಿ ಪರಿಚಯವಿಲ್ಲದವರ ಜೊತೆ ತಟ್ಟೆ ಹಂಚಿಕೊಳ್ಳುವವರಿಗಿಂತ ಬಹಳ ಮುಂದೆ ಇದ್ದರು.

ಎರಡನೆಯ ಘಟ್ಟದಲ್ಲಿ ಹೊರೆ ಬೇರೆಯವರ ಹೆಗಲಿಗೆ ಹೋಯಿತು. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಕಂಪನಿ ಸರ್ಕಾರದ ಫ್ರಾನ್ಸಿಸ್ ಬುಕಾನನ್ ಕೊಳ್ಳೇಗಾಲ ಸೀಮೆ ಹಾದು ಕಾವೇರಿಪುರದ ಕಣಿವೆ ಇಳಿದ. ಕಂಡ ಬೆಳೆ, ಕೆರೆ, ಕಾಡನ್ನೆಲ್ಲ ಬರೆದಿಟ್ಟ. ಆಮೇಲೆ ಇಲ್ಲಿ ಒಂದು ವಿಚಿತ್ರ ಗಡಿ ಉಳಿಯಿತು. ಯಳಂದೂರು ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಸಿಕ್ಕ ಮೈಸೂರಿನ ನೆಲ, ಪಕ್ಕದ ಕೊಳ್ಳೇಗಾಲ ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆ. 1956ರ ನವೆಂಬರ್ 1ರವರೆಗೆ ಯಳಂದೂರು ಕಡೆಯ ಹೊನ್ನೂರಿನವನು ಕೊಳ್ಳೇಗಾಲದ ಸಂತೆಗೆ ಹೋದರೆ ರಾಜ್ಯ ದಾಟಿದಂತೆ! ವೀಸಾ ಮಾತ್ರ ಬೇಕಿರಲಿಲ್ಲ.

1870ರ ದಶಕದಲ್ಲಿ ಬ್ರಿಟಿಷ್ ಅಧಿಕಾರಿ ಸ್ಯಾಂಡರ್ಸನ್ ಚಾಮರಾಜನಗರದ ಬಳಿ ಹೊನ್ನುಹೊಳೆಯ ಬಯಲಲ್ಲಿ ಖೆಡ್ಡಾ ತೋಡಿ ಆನೆ ಹಿಡಿದ. ಮೋರಿಸ್ ಮನೆತನ ಬಿಳಿಗಿರಿಯ ಮೇಲೆ ಕಾಫಿ ಹಾಕಿತು. 1939-40ರ ಮೈಸೂರು ಹಕ್ಕಿ ಸಮೀಕ್ಷೆಗಾಗಿ ಸಲೀಂ ಅಲಿ ಈ ಬೆಟ್ಟ ಏರಿದರು. ಇವರೆಲ್ಲ ಬರೆದದ್ದು ನಮ್ಮ ಬೆಟ್ಟಗಳ ಮೊದಲ ಮುದ್ರಿತ ಚಾರಣ ಕಥನ ಎನ್ನಬಹುದು. ಆದರೆ ಗುಡಾರ, ಪೆಟ್ಟಿಗೆ, ಕೋವಿ ಹೊತ್ತದ್ದು ಎತ್ತು, ಆನೆ, ಕೂಲಿಯಾಳು. ದಾರಿ ತೋರಿದ ಕಾಡುವಾಸಿ ಸೋಲಿಗರಿಗೆ ಆ ಪುಟಗಳಲ್ಲಿ ಸಿಕ್ಕ ಜಾಗ ತುಂಬ ಕಡಿಮೆ.

ಬಸ್ಸಿನ ಕಾಲವನ್ನು ಬೇಗ ದಾಟುತ್ತೇನೆ. ಬಸ್ಸು ಹೊರೆಯನ್ನೂ ಹೊತ್ತಿತು, ಮನುಷ್ಯನನ್ನೂ ಹೊತ್ತಿತು; ಪರ್ಸೆ ಒಂದು ದಿನದ ದರ್ಶನವಾಯಿತು.

ಅಷ್ಟರಲ್ಲಿ ಕಾಡು ಮುಚ್ಚಿತು. 1974ರಲ್ಲಿ ಬಿಳಿಗಿರಿ ಅಭಯಾರಣ್ಯವಾದಾಗ ಸೋಲಿಗರು ಒಣ ಎಲೆಗೆ ಹಚ್ಚುತ್ತಿದ್ದ ತರಗು ಬೆಂಕಿಗೆ, ಅವರ ಬೇಟೆ, ಬೇಸಾಯಕ್ಕೆ ಬೇಲಿ ಬಿತ್ತು. ಆಮೇಲೆ ಕಾಡುಗಳ್ಳ ವೀರಪ್ಪನ್. 1993ರ ಏಪ್ರಿಲ್‌ನಲ್ಲಿ ಪಾಲಾರ್ ಬಳಿ ನೆಲಬಾಂಬು ಸಿಡಿದದ್ದು, 2002ರಲ್ಲಿ ಕಾಮಗೆರೆಯ ಮನೆಯಿಂದ ಮಾಜಿ ಸಚಿವ ನಾಗಪ್ಪನವರನ್ನು ಹೊತ್ತೊಯ್ದದ್ದು, ಅವರು ಜೀವಂತ ಮರಳದೇ ಹೋದದ್ದು ಈ ಸೀಮೆ ಮರೆಯುವ ಮಾತಲ್ಲ. ಆ ವರ್ಷಗಳಲ್ಲಿ ನಾಲ್ಕು ಹುಡುಗರು ಚೀಲ ಹೊತ್ತು ಕಾಡಿನ ಅಂಚಿಗೆ ಹೋದರೆ ಎರಡೂ ಕಡೆಯಿಂದ ಅನುಮಾನ. ಪೊಲೀಸರ ಕಣ್ಣಿಗೆ ಅವರು ಅಕ್ಕಿ ಸಾಗಿಸುವವರು, ವೀರಪ್ಪನ್ ಕಡೆಯವರ ಕಣ್ಣಿಗೆ ಸುದ್ದಿ ಮುಟ್ಟಿಸುವವರು. 2004ರ ಅಕ್ಟೋಬರ್‌ನಲ್ಲಿ ವೀರಪ್ಪನ್ ಕಥೆ ಮುಗಿದರೂ ದಾರಿ ಪೂರ್ತಿ ತೆರೆಯಲಿಲ್ಲ. 2011ರಲ್ಲಿ ಬಿಳಿಗಿರಿ ಹುಲಿ ಸಂರಕ್ಷಿತ ಪ್ರದೇಶವಾಯಿತು, 2013ರಲ್ಲಿ ಮಲೆ ಮಹದೇಶ್ವರ ವನ್ಯಧಾಮ ಬಂತು. ಹುಲಿಗೆ ಇದು ಬೇಕಿತ್ತು, ಒಪ್ಪೋಣ. ಆದರೆ ಒಂದು ತಲೆಮಾರು ಕಣ್ಣೆದುರಿನ ಬೆಟ್ಟವನ್ನು ಜೀಪಿನ ಕಂಬಿಯಾಚೆಯಿಂದಲೇ ಕಂಡು ಬೆಳೆಯಿತು.

ಆಗ್ನೇಯ ಏಷ್ಯಾದ ದಾರಿ ತೆರೆದುಕೊಂಡದ್ದು ಈ ತಲೆಮಾರಿಗೆ. ಆ ದಾರಿಗೂ ಒಂದು ಚರಿತ್ರೆಯಿದೆ. 1970ರ ದಶಕದ ಆರಂಭದಲ್ಲಿ ಟೋನಿ ಮತ್ತು ಮೌರೀನ್ ವೀಲರ್ ದಂಪತಿ ಲಂಡನ್ನಿನಿಂದ ಆಸ್ಟ್ರೇಲಿಯಾದವರೆಗೆ ಅಗ್ಗದಲ್ಲಿ ಅಲೆದು 1973ರಲ್ಲಿ ಲೋನ್ಲಿ ಪ್ಲಾನೆಟ್ ಶುರುಮಾಡಿದರು. 1975ರಲ್ಲಿ ಅವರ ಆಗ್ನೇಯ ಏಷ್ಯಾ ಕೈಪಿಡಿ ಬಂತು. 1979ರಲ್ಲಿ ಇರಾನಿನ ಕ್ರಾಂತಿ, ಅಫ್ಘಾನಿಸ್ತಾನಕ್ಕೆ ಸೋವಿಯತ್ ಸೇನೆ ನುಗ್ಗಿದ್ದು ಎರಡೂ ಸೇರಿ ಯುರೋಪಿನಿಂದ ಭಾರತಕ್ಕೆ ಬರುತ್ತಿದ್ದ ಹಿಪ್ಪಿಗಳ ನೆಲದಾರಿ ಕಡಿದುಹೋಯಿತು. ಎಂಬತ್ತರ ದಶಕದಲ್ಲಿ ಬ್ಯಾಂಕಾಕಿನ ಖಾವೋ ಸಾನ್ ಬೀದಿಯ ಮನೆಗಳು ಒಂದೊಂದಾಗಿ ತಂಗುದಾಣಗಳಾದವು. ಆಗ ಅಲ್ಲಿಗೆ ಹೋಗುತ್ತಿದ್ದವರು ಬಿಳಿಯರು. ನಮ್ಮವರ ವಿದೇಶ ಪ್ರಯಾಣವೆಂದರೆ ಆಹ್ವಾನ, ನೌಕರಿ, ಇಲ್ಲವೇ ಮಗನ ಮನೆ. ಕನ್ನಡದ ಪ್ರವಾಸ ಸಾಹಿತ್ಯವೂ ಬಹುಕಾಲ ಪಶ್ಚಿಮಕ್ಕೇ ಮುಖ ಮಾಡಿತ್ತು: ಕಾರಂತರದು ಯುರೋಪು, ಗೊರೂರರದು ಅಮೆರಿಕ. ಗೆಳೆಯರ ಗುಂಪು, ಗಾಳದ ಕೋಲು, ಗೊತ್ತುಗುರಿಯಿಲ್ಲದ ಅಲೆತ ಇವು ಪುಸ್ತಕದೊಳಗೆ ಬಂದದ್ದು ತೇಜಸ್ವಿಯವರ ಅಂಡಮಾನ್ ಕಥನದಲ್ಲಿ. ನನ್ನ ಮಟ್ಟಿಗೆ ಕನ್ನಡದ ಮೊದಲ ನಿಜವಾದ ಬ್ಯಾಕ್‌ಪ್ಯಾಕರ್ ಪುಸ್ತಕ ಅದೇ. ಇತ್ತೀಚೆಗೆ ಡಾ. ಬ್ರೋ ಎಂಬ ಹೆಸರಿನ ಹುಡುಗ ಮೊಬೈಲಿನಲ್ಲಿ ‘ನಮಸ್ಕಾರ ದೇವ್ರು’ ಎನ್ನುತ್ತ ದೇಶದೇಶ ತೋರಿಸಿದ ಮೇಲೆ, ಇಂಗ್ಲಿಷ್ ಸರಿಯಾಗಿ ಬಾರದಿದ್ದರೂ ಹೋಗಿಬರಬಹುದೆಂಬ ಧೈರ್ಯ ಹಳ್ಳಿಗಳಿಗೂ ಇಳಿಯಿತು.

ಉಳಿದದ್ದನ್ನು ಕಾಗದಪತ್ರ ಮಾಡಿತು. 2023ರ ಆಗಸ್ಟಿನಿಂದ ವಿಯೆಟ್ನಾಂ 90 ದಿನಗಳ ಇ-ವೀಸಾ ಕೊಡತೊಡಗಿತು. ಅದೇ ವರ್ಷದ ನವೆಂಬರ್‌ನಲ್ಲಿ ಥಾಯ್ಲೆಂಡ್, ಡಿಸೆಂಬರ್‌ನಲ್ಲಿ ಮಲೇಷ್ಯಾ ಭಾರತೀಯರಿಗೆ ವೀಸಾ ಬೇಡವೆಂದವು. ಚೀಟಿ ಎತ್ತಿದ ದುಡ್ಡಿನಲ್ಲಿ ವಿಮಾನದ ಟಿಕೆಟ್, ಏಳು ಕಿಲೋ ಮೀರದ ಚೀಲ, ಅದರಲ್ಲಿ ಚಟ್ನಿಪುಡಿ, ಅವಲಕ್ಕಿ. ಹನೋಯ್‌ನಲ್ಲಿ ಇಳಿದು ಐದು ಲಕ್ಷ ಡಾಂಗ್‌ನ ಒಂದೇ ನೋಟು ಕೈಗೆ ಬಂದಾಗ ಯಾರು ತಾನೇ ನಗುವುದಿಲ್ಲ? ಅದು ಎರಡು ಸಾವಿರ ರೂಪಾಯಿಗೂ ಕಡಿಮೆ. ಮಾಂಸ ಮುಟ್ಟದವನು ‘ಚಾಯ್’ ಎಂಬ ಒಂದು ಮಾತು ಕಲಿತರೆ ಬದುಕುತ್ತಾನೆ. ಅಲ್ಲಿ ಅದರರ್ಥ ಚಹಾ ಅಲ್ಲ, ಸಸ್ಯಾಹಾರ.

ನಗರಗಳಿಗಿಂತ ನಮ್ಮ ಕಡೆಯವರನ್ನು ಹಿಡಿದು ನಿಲ್ಲಿಸುವುದು ಅಲ್ಲಿನ ಗುಡ್ಡಗಾಡು. ಸುಮಾರು 1,500 ಮೀಟರ್ ಎತ್ತರದ ದಾಲತ್‌ನಲ್ಲಿ ಫ್ರೆಂಚರು ಕಟ್ಟಿದ ಬಂಗಲೆ, ಸುತ್ತ ಕಾಫಿ ತೋಟ. ಬಿಳಿಗಿರಿ ಕಂಡವನಿಗೆ ಮೊದಲ ನೋಟಕ್ಕೇ ಗುರುತು ಸಿಗುತ್ತದೆ. ಮೀಸನ್ ಕಣಿವೆಯಲ್ಲಿರುವ ಹಳೆಯ ಚಾಂಪಾ ರಾಜ್ಯದ ದೇಗುಲಗಳಲ್ಲಿ ಭಾರತೀಯ ಪುರಾತತ್ವ ಇಲಾಖೆಯವರು ಜೀರ್ಣೋದ್ಧಾರ ಮಾಡುತ್ತಿದ್ದಾಗ, 2020ರಲ್ಲಿ, ಒಂಬತ್ತನೇ ಶತಮಾನದ ಏಕಶಿಲಾ ಶಿವಲಿಂಗ ಮಣ್ಣಿನಿಂದ ಮೇಲೆದ್ದಿತು. ಮಾದಪ್ಪನ ಒಕ್ಕಲು ಅಲ್ಲಿ ಚಪ್ಪಲಿ ಬಿಟ್ಟು ಕೈಮುಗಿದರೆ ಅಚ್ಚರಿಯೇನಿಲ್ಲ.

ಉತ್ತರ ವಿಯೆಟ್ನಾಮಿನ ಸಾಪಾದ ಮೆಟ್ಟಿಲುಗದ್ದೆಗಳ ನಡುವೆ ಮೋಂಗ್ ಬುಡಕಟ್ಟಿನ ಹೆಂಗಸರು ಬೆನ್ನಿಗೆ ಬುಟ್ಟಿ ಕಟ್ಟಿಕೊಂಡು ಮುಂದೆ ನಡೆಯುತ್ತಾರೆ, ಚೀಲ ಹೊತ್ತ ಹುಡುಗರು ಏದುಸಿರು ಬಿಡುತ್ತ ಹಿಂದೆ. ರಾತ್ರಿ ಆ ಹೆಂಗಸರ ಮನೆಯಲ್ಲೇ ಊಟ, ನಿದ್ದೆ. ದುಡ್ಡಿನ ಒಂದು ಪಾಲಾದರೂ ಆ ಮನೆಗೇ. ಉತ್ತರ ಥಾಯ್ಲೆಂಡಿನ ಬೆಟ್ಟಗಳಲ್ಲಿ ಕರೆನ್ ಜನ ಕಾಡು ಸುಟ್ಟು, ಬಿತ್ತಿ, ವರ್ಷಗಟ್ಟಲೆ ಬೀಳು ಬಿಡುವ ಬೇಸಾಯವನ್ನು ಉಳಿಸಿಕೊಳ್ಳಲು ಅರಣ್ಯ ಇಲಾಖೆಯೊಡನೆ ಗುದ್ದಾಡುತ್ತಲೇ ಇದ್ದಾರೆ. ಸೋಲಿಗರ ತರಗು ಬೆಂಕಿಯ ಕಥೆ ಬಲ್ಲವರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ.

ಊರಿಗೆ ಮರಳಿದವರು ಕೇಳುವುದು ಒಂದೇ ಪ್ರಶ್ನೆ: ಸಾಪಾದಲ್ಲಿ ನಡೆದಂತೆ ನಮ್ಮ ಬೆಟ್ಟದಲ್ಲಿ ಯಾಕೆ ನಡೆಯುವಂತಿಲ್ಲ? ಅರ್ಧ ಉತ್ತರ ಆನೆ, ಹುಲಿ. ಉಳಿದರ್ಧಕ್ಕೆ ಇಷ್ಟು ವರ್ಷ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ಬಿಳಿಗಿರಿಯ ಸೋಲಿಗರಿಗೆ 2011ರಲ್ಲಿ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ಅದು ಹುಲಿ ಸಂರಕ್ಷಿತ ಪ್ರದೇಶವೊಂದರಲ್ಲಿ ದೇಶದಲ್ಲೇ ಮೊದಲು. ಆದರೂ ಸೋಲಿಗರ ಮನೆಯಲ್ಲಿ ತಂಗಿ, ಸೋಲಿಗರ ಬೆನ್ನು ಹತ್ತಿ ಕಾಡು ನೋಡುವುದು ಇನ್ನೂ ರೂಢಿಗೆ ಬಂದಿಲ್ಲ. 2024ರ ಜನವರಿಯಲ್ಲಿ ಕುಮಾರಪರ್ವತದ ಮೇಲೆ ಜನ ಜಾತ್ರೆಯಂತೆ ಮುಗಿಬಿದ್ದ ಮೇಲೆ ಸರ್ಕಾರ ಚಾರಣಗಳನ್ನು ನಿಲ್ಲಿಸಿ, ಆ ವರ್ಷದ ಅಕ್ಟೋಬರ್‌ನಲ್ಲಿ ಆನ್‌ಲೈನ್ ಟಿಕೆಟ್ಟಿನೊಂದಿಗೆ ಮತ್ತೆ ತೆರೆಯಿತು. ಒಂದು ದಾರಿಗೆ ದಿನಕ್ಕೆ 300 ಜನರ ಮಿತಿ ಹಾಕಿತು.

ನಮ್ಮ ಸೀಮೆಯವರಿಗೆ ಚಾರಣವೆಂದರೆ ನಾಗಮಲೆ. ಮಾದಪ್ಪನ ಬೆಟ್ಟದಿಂದ ಹೊರಟರೆ ನಡುದಾರಿಯಲ್ಲಿ ಇಂಡಿಗನತ್ತ ಸಿಗುತ್ತದೆ. ಸರಿಯಾದ ರಸ್ತೆಯಿಲ್ಲದೆ ಕಾಯಿಲೆಯವರನ್ನು ಡೋಲಿ ಕಟ್ಟಿ ಹೊತ್ತು ತಂದ ಊರುಗಳು ಈ ಮಲೆಯಲ್ಲಿವೆ. ಬೆಂಗಳೂರಿನ ಹುಡುಗ ಐವತ್ತು ಲೀಟರಿನ ಚೀಲ ಕಳಚಿಟ್ಟು, ಬಂಡೆಗೊರಗಿ ನೀರು ಕುಡಿಯುತ್ತಿರುವಾಗ, ಬೆಟ್ಟದ ಅಂಗಡಿಯಿಂದ ಅಕ್ಕಿ ಮೂಟೆ ತಲೆ ಮೇಲಿಟ್ಟುಕೊಂಡ ಹೆಂಗಸೊಬ್ಬಳು ಅವನನ್ನು ದಾಟಿ, ಕತ್ತಲಾಗುವುದರೊಳಗೆ ಮೇಲೆ ಬಾ ಮಗ ಎಂದು ಹೇಳಿ ನಡೆಯುತ್ತಾಳೆ.