ಕಾರವಾರದ ಮಂಗಟ್ಟೆ, ಮುಂಬಯಿಯ ಟಿಪ್ಪಣಿ

ಮುಂಬಯಿಯ ಕೋಟೆ ಪ್ರದೇಶದಲ್ಲಿ, ನೌಕಾನೆಲೆಯ ಲಯನ್ ಗೇಟಿನ ಎದುರು, ಹಾರ್ನ್‌ಬಿಲ್ ಹೌಸ್ ಎಂಬ ಕಟ್ಟಡವಿದೆ. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಕಚೇರಿ ಅದು. ಕಟ್ಟಡದ ಹೆಸರಿನಲ್ಲೂ ಸಂಸ್ಥೆಯ ಲಾಂಛನದಲ್ಲೂ ಇರುವ ಹಕ್ಕಿ ಮರಾಠಿಗರ ಧನೇಶ, ನಮ್ಮ ದೊಡ್ಡ ಮಂಗಟ್ಟೆ. ಅದು ಚಿತ್ರಕಾರನ ಕಲ್ಪನೆಯಲ್ಲ. 1894ರ ಮೇ ತಿಂಗಳಲ್ಲಿ ಹುಟ್ಟಿ, ಮೂರು ತಿಂಗಳ ಮರಿಯಾಗಿದ್ದಾಗ ಕಾರವಾರದಿಂದ ಇಲ್ಲಿಗೆ ಬಂದು, ವಿಲಿಯಂ ಎಂದು ಕರೆಸಿಕೊಂಡು, 1920ರಲ್ಲಿ ಸಾಯುವವರೆಗೂ ಈ ನಗರದಲ್ಲೇ ಬಾಳಿದ ಒಂದು ಹಕ್ಕಿ ಅದರ ಹಿಂದಿದೆ. ಊರು ಬಿಟ್ಟು ಮುಂಬಯಿಗೆ ಬಂದು ಇಲ್ಲಿಯವರೇ ಆದ ಕನ್ನಡಿಗರ ಪಟ್ಟಿಯನ್ನು ನಾವು ಸಭೆ ಸಮಾರಂಭಗಳಲ್ಲಿ ಹೇಳುತ್ತಿರುತ್ತೇವೆ: ಹೋಟೆಲಿನವರು, ರಾತ್ರಿಶಾಲೆಯ ಗುರುಗಳು, ಗಿರಣಿ ಕಾರ್ಮಿಕರು, ಲೇಖಕರು. ಆ ಪಟ್ಟಿಯಲ್ಲಿ ಈ ಮಂಗಟ್ಟೆಯ ಹೆಸರನ್ನು ನಾವು ಕೇಳಿದ್ದಿಲ್ಲ.

ಕಾರವಾರದ ಕಾಡಿನ ಹಕ್ಕಿ ಮುಂಬಯಿಯ ಕಚೇರಿಯೊಂದಕ್ಕೆ ಏಕೆ ಬಂತು ಎಂದು ಕೇಳಿದರೆ, ಈ ನಗರದ ಒಂದು ಹಳೆಯ ಅಭ್ಯಾಸದ ಇತಿಹಾಸವೇ ತೆರೆದುಕೊಳ್ಳುತ್ತದೆ. ಹೊಟ್ಟೆಪಾಡಿಗೆ ಬೇರೆ ಉದ್ಯೋಗ ಮಾಡುತ್ತಿದ್ದ ಜನ, ಬಿಡುವಿನಲ್ಲಿ ಕಂಡ ಹುಳು, ಹಕ್ಕಿ, ಹಾವು, ಮೃಗಗಳ ವಿಷಯವನ್ನು ಒಬ್ಬರಿಗೊಬ್ಬರು ಬರೆದು ತಿಳಿಸುತ್ತಿದ್ದ ಅಭ್ಯಾಸ ಅದು.

ಅದರ ಆರಂಭವನ್ನು ಮೃಗಗಳಲ್ಲಲ್ಲ, ಕೆರೆಯ ನೀರಿನ ಹನಿಯಲ್ಲಿ ಹುಡುಕಬೇಕು. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಹೆನ್ರಿ ಜಾನ್ ಕಾರ್ಟರ್ ಎಂಬ ವೈದ್ಯರು ಈಸ್ಟ್ ಇಂಡಿಯಾ ಕಂಪನಿಯ ಬಾಂಬೆ ಸೇನೆಯಲ್ಲಿದ್ದರು. ಆಗ ಮುಂಬಯಿ ದ್ವೀಪ ಬಾವಿ ಕೆರೆಗಳ ನೀರನ್ನೇ ನಂಬಿತ್ತು. ಕಾರ್ಟರ್ ಆ ಕೆರೆಗಳ ನೀರನ್ನು ಸೂಕ್ಷ್ಮದರ್ಶಕದ ಅಡಿಯಲ್ಲಿಟ್ಟು ನೋಡತೊಡಗಿದರು. ಕಲ್ಲಿಗೂ ನೀರಿನಲ್ಲಿ ಮುಳುಗಿದ ಕಡ್ಡಿಗಳಿಗೂ ಅಂಟಿಕೊಂಡು ಬೆಳೆಯುವ ಸಿಹಿನೀರಿನ ಸ್ಪಂಜು ಅವರ ಮುಖ್ಯ ಆಸಕ್ತಿಯಾಯಿತು. ಸ್ಪಂಜು ಸಸ್ಯವೋ ಪ್ರಾಣಿಯೋ ಎಂಬ ಚರ್ಚೆ ಆಗಿನ್ನೂ ಮುಗಿದಿರಲಿಲ್ಲ. ಮುಂಬಯಿ ಕೆರೆಗಳ ಸ್ಪಂಜುಗಳ ಬಗ್ಗೆ ಅವರು 1840ರ ದಶಕದ ಕೊನೆಯಲ್ಲಿ ಪ್ರಕಟಿಸಿದ ಬರಹಗಳು ಅದು ಪ್ರಾಣಿಯೆಂಬ ಪಕ್ಷಕ್ಕೆ ಬಲ ಕೊಟ್ಟವು. ಬೇಸಗೆಯಲ್ಲಿ ನೀರು ಇಳಿದಾಗ ಸ್ಪಂಜಿನ ಒಡಲು ಒಣಗಿ ಹೋದರೂ ಬೀಜದಂಥ ಪುಟ್ಟ ಗುಂಡುಗಳು ಉಳಿಯುತ್ತವೆ. ಮಳೆ ಬಂದು ನೀರು ತುಂಬಿದಾಗ ಅವುಗಳಿಂದ ಮತ್ತೆ ಸ್ಪಂಜು ಚಿಗುರುತ್ತದೆ. ಮುಂಬಯಿಯ ಬೇಸಗೆ ಮಳೆಗಾಲಗಳೇ ಈ ಜೀವಚಕ್ರವನ್ನು ಅವರ ಕಣ್ಣೆದುರು ಬಿಡಿಸಿಟ್ಟವು. 1856ರಲ್ಲಿ ಈ ದ್ವೀಪದ ಸಿಹಿನೀರಿನ ಸೂಕ್ಷ್ಮಜೀವಿಗಳ ಬಗೆಗೂ ಅವರು ಬರೆದರು. 1859ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಅವರನ್ನು ಸದಸ್ಯರನ್ನಾಗಿ ಆರಿಸಿತು. ಮುಂಬಯಿಯಿಂದಲೇ ಮೊದಲು ವರ್ಣಿತವಾಗಿ, ಭಾರತದಲ್ಲಿ ಇಂದಿಗೂ ವ್ಯಾಪಕವಾಗಿ ಕಾಣಸಿಗುವ ಒಂದು ಸಿಹಿನೀರಿನ ಸ್ಪಂಜಿಗೆ ಕಾರ್ಟರ್ ಅವರ ಹೆಸರೇ ಇದೆ.

1860ರಲ್ಲಿ ವಿಹಾರ ಕೆರೆಯ ನೀರು ನಗರಕ್ಕೆ ಹರಿದುಬಂದ ಮೇಲೆ ಊರೊಳಗಿನ ಕೆರೆಗಳ ಅಗತ್ಯ ಕಡಿಮೆಯಾಯಿತು. ಮುಂದೆ ಮಲೇರಿಯಾದ ಭಯವೂ ಸೇರಿ ಬಾವಿ ಕೆರೆಗಳು ಒಂದೊಂದಾಗಿ ಮುಚ್ಚಿಹೋದವು. ಧೋಬಿ ತಲಾವ್ ಇಂದು ಒಂದು ನಾಲ್ಕುರಸ್ತೆಯ ಹೆಸರು. ಗೋವಾಲಿಯಾ ಟ್ಯಾಂಕ್ 1942ರ ಆಗಸ್ಟಿನಲ್ಲಿ ಕ್ವಿಟ್ ಇಂಡಿಯಾ ಕರೆಯನ್ನು ಕೇಳಿದ ಮೈದಾನ. ನೀರಿಲ್ಲದ ಈ ಕೆರೆಗಳ ನಡುವೆ ನಾವು ದಿನವೂ ಬಸ್ಸು ಬದಲಿಸುತ್ತೇವೆ. ಹಳೆಯ ಮುಂಬಯಿಯ ಕೆರೆಗಳಲ್ಲಿ ಎಂಥ ಜೀವ ಮಿಸುಕುತ್ತಿತ್ತು ಎಂಬುದನ್ನು ಇಂದು ಹೇಳಬಲ್ಲದ್ದು, ಬಿಡುವಿನಲ್ಲಿ ಕೂತು ನೋಡಿ ಬರೆದಿಟ್ಟ ಒಬ್ಬ ವೈದ್ಯರ ಟಿಪ್ಪಣಿ.

ಕಾರ್ಟರ್ ಹೆಚ್ಚು ಕಡಿಮೆ ಒಂಟಿಯಾಗಿ ಮಾಡಿದ ಕೆಲಸವನ್ನು ಕೂಡಿ ಮಾಡುವ ಯೋಚನೆ ರೂಪುಗೊಂಡದ್ದು 1883ರ ಸೆಪ್ಟೆಂಬರ್ 15ರಂದು. ಅಂದು ಭಾಯಖಳಾದ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿ, ಅಂದರೆ ಇಂದಿನ ಭಾವೂ ದಾಜಿ ಲಾಡ್ ವಸ್ತುಸಂಗ್ರಹಾಲಯದಲ್ಲಿ, ಎಂಟು ಮಂದಿ ಸೇರಿದರು. ತಿಂಗಳಿಗೊಮ್ಮೆ ಕೂಡುವುದು, ಕಂಡದ್ದನ್ನು ಹಂಚಿಕೊಳ್ಳುವುದು, ದೊರೆತ ಮಾದರಿಗಳನ್ನು ತೋರಿಸುವುದು: ಇಷ್ಟೇ ಅವರ ಉದ್ದೇಶ. ಎಂಟು ಮಂದಿಯಲ್ಲಿ ಇಬ್ಬರು ಭಾರತೀಯರು, ಇಬ್ಬರೂ ವೈದ್ಯರು. ಒಬ್ಬರು ಪ್ರಾರ್ಥನಾ ಸಮಾಜವನ್ನು ಕಟ್ಟಿದ ಡಾ. ಆತ್ಮಾರಾಮ್ ಪಾಂಡುರಂಗ, ಇನ್ನೊಬ್ಬರು ಸಸ್ಯಶಾಸ್ತ್ರವನ್ನು ಬಲ್ಲ ಡಾ. ಸಖಾರಾಮ್ ಅರ್ಜುನ್. ಬಾಲ್ಯವಿವಾಹದ ಬಂಧನವನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಿದ ರಖ್ಮಾಬಾಯಿಯವರ ಮಲತಂದೆ ಈ ಸಖಾರಾಮ್. ಸಮಾಜ ಸುಧಾರಣೆಗೂ ನಿಸರ್ಗ ವೀಕ್ಷಣೆಗೂ ಅಂದಿನ ಮುಂಬಯಿಯಲ್ಲಿ ಗೋಡೆಯಿರಲಿಲ್ಲ. ಇದ್ದದ್ದನ್ನು ಇದ್ದಂತೆ ನೋಡುವ ಧೈರ್ಯ ಎರಡಕ್ಕೂ ಬೇಕು.

ಕೂಟಕ್ಕೆ ಮರುವರ್ಷ ನೆಲೆ ಕೊಟ್ಟವರು ಹರ್ಬರ್ಟ್ ಫಿಪ್ಸನ್ ಎಂಬ ಮದ್ಯದ ವ್ಯಾಪಾರಿ. ತಮ್ಮ ಅಂಗಡಿಯ ಜಾಗದಲ್ಲೇ ಸಂಗ್ರಹವನ್ನು ಇರಿಸಿಕೊಂಡರು. ಆಮೇಲೆ ಅದು ಅಪೋಲೊ ಸ್ಟ್ರೀಟಿಗೆ ಸಾಗಿತು. ಮಂಗಟ್ಟೆ ವಿಲಿಯಂ ಬಾಳಿದ್ದು ಅಲ್ಲಿ, ಫಿಪ್ಸನ್ ಕಂಪನಿಯ ಕಚೇರಿಯಲ್ಲಿ. ಬಾಳೆಹಣ್ಣು, ಕಾಡಿನ ಅತ್ತಿಹಣ್ಣುಗಳ ಜೊತೆಗೆ ಜೀವಂತ ಇಲಿ, ಚೇಳುಗಳನ್ನೂ ಅದು ತಿನ್ನುತ್ತಿತ್ತಂತೆ. ದೂರದಿಂದ ಎಸೆದ ಟೆನಿಸ್ ಚೆಂಡನ್ನು ಕೊಕ್ಕಿನಲ್ಲಿ ಹಿಡಿಯುತ್ತಿತ್ತಂತೆ. ತಂತಿಯ ತುಂಡೊಂದನ್ನು ನುಂಗಿ ಸತ್ತಿತೆಂದು ಕೆಲವರೆಂದರೆ, ಫಿಪ್ಸನ್ ಅವರ ನಂತರ ಅದನ್ನು ಸಾಕಿದ ಮಿಲಾರ್ಡ್ ಊರು ಬಿಟ್ಟ ದುಃಖದಿಂದ ಸತ್ತಿತೆಂದು ಇನ್ನು ಕೆಲವರು ನಂಬಿದರು.

ಸಂಸ್ಥೆಯ ಮೊದಲ ಗೌರವ ಕಾರ್ಯದರ್ಶಿ ಎಡ್ವರ್ಡ್ ಹ್ಯಾಮಿಲ್ಟನ್ ಏಟ್ಕನ್. ಸತಾರಾದಲ್ಲಿ 1851ರಲ್ಲಿ ಹುಟ್ಟಿ, ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಕೆಲಕಾಲ ಲ್ಯಾಟಿನ್ ಕಲಿಸಿ, 1876ರಲ್ಲಿ ಸುಂಕ ಮತ್ತು ಉಪ್ಪಿನ ಇಲಾಖೆಗೆ ಸೇರಿದವರು. ಇಂಗ್ಲಿಷ್ ಎಂ.ಎ.ಗೆ ಓದಿದ ನಮಗೆ ಪಠ್ಯದಲ್ಲೆಲ್ಲೂ ಅವರ ಹೆಸರು ಸಿಕ್ಕಿರಲಿಲ್ಲ. ಆದರೆ ‘ಇಹಾ’ ಎಂಬ ಅಂಕಿತದಲ್ಲಿ ಅವರು ಬರೆದ ಪುಸ್ತಕಗಳ ತಿಳಿಹಾಸ್ಯದ ಗದ್ಯ ಇಂದಿಗೂ ಹಳಸಿಲ್ಲ. ಕೇಂದ್ರ ಸರ್ಕಾರದ ನೌಕರಿಯಲ್ಲಿರುವ ನಮ್ಮಂಥವರಿಗೆ ಅವರ ಬದುಕಿನಲ್ಲಿ ಇನ್ನೊಂದು ಪಾಠವೂ ಇದೆ. ವರ್ಗಾವಣೆಯನ್ನು ನಾವು ಶಿಕ್ಷೆಯೆಂದೇ ಬಗೆಯುತ್ತೇವೆ. ಏಟ್ಕನ್ ಅವರಿಗೆ ಗುಜರಾತಿನ ಖಾರಾಘೋಡಾದ ಉಪ್ಪಿನ ಬಯಲು, ಉರಣ, ಕಾರವಾರ, ರತ್ನಾಗಿರಿ, ಇವೆಲ್ಲ ಒಂದೊಂದು ಪಾಠಶಾಲೆಯಾದವು. ಸುಂಕದ ಚೌಕಿಗಳ ತಪಾಸಣೆಗೆ ಹೋದ ದಾರಿಯಲ್ಲೇ ಅವರು ಹುಳುಗಳನ್ನೂ ಹಕ್ಕಿಗಳನ್ನೂ ಕಂಡರು. 1894ರಲ್ಲಿ ಬಂದ ‘ಎ ನ್ಯಾಚುರಲಿಸ್ಟ್ ಆನ್ ದಿ ಪ್ರೌಲ್’ ಉತ್ತರ ಕನ್ನಡದ ಕಾಡಿನ ಒಡನಾಟದಿಂದ ಹುಟ್ಟಿದ ಪುಸ್ತಕ.

ಉತ್ತರ ಕನ್ನಡ 1862ರಿಂದ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಹಾಗಾಗಿ ಕಾರವಾರದ ಕಾಡಿಗೂ ಅಪೋಲೊ ಸ್ಟ್ರೀಟಿನ ಕಚೇರಿಗೂ ನಡುವೆ ಕಾಗದಗಳು ಸಲೀಸಾಗಿ ಓಡಾಡಿದವು. ಕಂದಾಯಾಧಿಕಾರಿ ಜೇಮ್ಸ್ ಡೇವಿಡ್ಸನ್, ಅರಣ್ಯಾಧಿಕಾರಿ ತಾಮಸ್ ಬೆಲ್, ಸುಂಕದ ಏಟ್ಕನ್ ಮೂವರೂ ಸೇರಿ ಆ ಜಿಲ್ಲೆಯ ಚಿಟ್ಟೆಗಳನ್ನು ಅಭ್ಯಾಸ ಮಾಡಿದರು. ರೆಕ್ಕೆಯ ಬಣ್ಣ ನೋಡಿ ಹೆಸರಿಡುವುದಷ್ಟಕ್ಕೇ ನಿಲ್ಲದೆ, ಮೊಟ್ಟೆ ಕಂಬಳಿಹುಳುಗಳನ್ನು ತಂದು ಸಾಕಿ, ಯಾವ ಹುಳು ಯಾವ ಗಿಡದ ಎಲೆ ತಿನ್ನುತ್ತದೆ, ಯಾವ ಕೋಶದಿಂದ ಯಾವ ಚಿಟ್ಟೆ ಹೊರಬರುತ್ತದೆ ಎಂದು ದಾಖಲಿಸಿದರು. 1890ರ ದಶಕದಲ್ಲಿ ಸಂಸ್ಥೆಯ ಪತ್ರಿಕೆಯಲ್ಲಿ ಆ ಲೇಖನಮಾಲೆ ಬಂತು. ಬೆಲ್ 1920ರಲ್ಲಿ ನಿವೃತ್ತರಾದ ಮೇಲೂ ಕಾರವಾರವನ್ನು ಬಿಡದೆ 1948ರಲ್ಲಿ ಅಲ್ಲಿಯೇ ತೀರಿಕೊಂಡರು.

1886ರ ಜನವರಿಯಿಂದ ಹೊರಬರತೊಡಗಿದ ಆ ಪತ್ರಿಕೆಯಲ್ಲಿ ದೊಡ್ಡ ಪ್ರಬಂಧಗಳ ಜೊತೆಗೆ ಬಿಡಿ ಟಿಪ್ಪಣಿಗಳ ಒಂದು ವಿಭಾಗ ಬೆಳೆಯಿತು. ಒಂದು ಹಾವು ಇನ್ನೊಂದನ್ನು ನುಂಗಿದ್ದು, ಅಪರೂಪದ ಹಕ್ಕಿ ಎಂದೂ ಬಾರದ ಊರಿಗೆ ಬಂದದ್ದು, ಇಂಥ ಸಂಗತಿಗಳು ಅಲ್ಲಿ ಕೆಲವೇ ಸಾಲುಗಳಲ್ಲಿ ಅಚ್ಚಾಗುತ್ತಿದ್ದವು. ಬರೆದವರು ರೈಲ್ವೆಯವರು, ಚಹಾ ತೋಟದವರು, ಸೈನಿಕರು, ವೈದ್ಯರು. ಆ ಟಿಪ್ಪಣಿಗಳಿಗೆ ಬೆಲೆ ಬಂದದ್ದು ಅವು ಸೋಜಿಗದವು ಎಂಬ ಕಾರಣಕ್ಕಲ್ಲ. ದಿನ, ಸ್ಥಳ, ಕಂಡವರ ಹೆಸರು ಇದ್ದ ಕಾರಣಕ್ಕೆ. ಹಾಗೆ ಬರೆದ ಮಾತನ್ನು ಇನ್ನೊಬ್ಬರು ಪರೀಕ್ಷಿಸಬಹುದು, ಅಲ್ಲಗಳೆಯಬಹುದು. ಹಂಚಿಕೊಳ್ಳುವುದೆಂದರೆ ನಮ್ಮ ಕಣ್ಣನ್ನು ಇತರರ ವಿಚಾರಣೆಗೆ ಒಪ್ಪಿಸುವುದು. ಕಾಡಿನ ಕಥೆಗೂ ನಿಸರ್ಗದ ದಾಖಲೆಗೂ ಇರುವ ವ್ಯತ್ಯಾಸ ಇಷ್ಟೇ.

ಇದೇ ಬಾಗಿಲನ್ನು 1908ರ ಸುಮಾರಿಗೆ ಮುಂಬಯಿಯ ಒಬ್ಬ ಹುಡುಗ ತಟ್ಟಿದ. ತಾನು ಹೊಡೆದುರುಳಿಸಿದ ಗುಬ್ಬಿಯ ಕತ್ತಿನಲ್ಲಿ ಹಳದಿ ಮಚ್ಚೆ ಏಕಿದೆ ಎಂದು ಕೇಳಲು ಬಂದ ಅವನನ್ನು ಮಿಲಾರ್ಡ್ ಗದರಿಸಲಿಲ್ಲ; ಸಂಗ್ರಹದ ಹಕ್ಕಿಗಳನ್ನೆಲ್ಲ ತೋರಿಸಿದರು. ಆ ಹುಡುಗ ಸಲೀಂ ಅಲಿ. 1930ರಲ್ಲಿ ಕೈಯಲ್ಲಿ ಉದ್ಯೋಗವಿಲ್ಲದಾಗ ಅವರು ಮುಂಬಯಿಯ ಆಚೆ ದಡದ ಕಿಹೀಮಿನಲ್ಲಿ ಕೂತು ಗೀಜಗನ ಗೂಡುಗಳನ್ನು ನೋಡಿ ಬರೆದದ್ದು ಅವರಿಗೆ ಹೆಸರು ತಂದಿತು. ಹುಮಾಯೂನ್ ಅಬ್ದುಲಾಲಿಯವರೊಂದಿಗೆ ಮುಂಬಯಿ ಮತ್ತು ಸಾಲ್ಸೆಟ್ಟಿನ ಹಕ್ಕಿಗಳನ್ನು ಪಟ್ಟಿಮಾಡಿದ ಅವರೇ 1939–40ರಲ್ಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ನಡೆಸಿದರು. 1960ರಲ್ಲಿ ಜಾಫರ್ ಫತೇಹಾಲಿ ಇಲ್ಲಿಂದ ಆರಂಭಿಸಿದ, ಹಕ್ಕಿ ನೋಡುವವರ ಪುಟ್ಟ ವಾರ್ತಾಪತ್ರ ಮುಂದೆ ಬೆಂಗಳೂರಿನಿಂದ ಹೊರಬರತೊಡಗಿತು. ಕಾರವಾರದಿಂದ ಮಂಗಟ್ಟೆ ಬಂದ ದಾರಿಯಲ್ಲಿ ಮುಂಬಯಿಯೂ ಏನನ್ನೋ ಹಿಂದಿರುಗಿಸಿತು ಎನ್ನಬಹುದು.

ಸಾಮಾನ್ಯವಾದದ್ದನ್ನು ಬರೆದಿಡುವುದು ಏಕೆ ಎಂದು ಕೇಳುವವರಿಗೆ ಏಟ್ಕನ್ ಅವರದೇ ಇನ್ನೊಂದು ಪುಸ್ತಕ ಉತ್ತರ. ಪತ್ರಿಕೆಗೆ ಬರೆದ ಲೇಖನಗಳಿಂದ ಕಟ್ಟಿದ, 1900ರಲ್ಲಿ ಪ್ರಕಟವಾದ ಆ ಪುಸ್ತಕದ ಹೆಸರು ‘ದಿ ಕಾಮನ್ ಬರ್ಡ್ಸ್ ಆಫ್ ಬಾಂಬೆ’. ಮುಂಬಯಿಯ ಆ ಸಾಮಾನ್ಯ ಹಕ್ಕಿಗಳಲ್ಲಿ ರಣಹದ್ದುಗಳೂ ಇವೆ. ಮಲಬಾರ್ ಹಿಲ್ಲಿನ ಪಾರಸಿಗಳ ದಖ್ಮಾಗಳ ಮೇಲೆ ಅವು ಗುಂಪಾಗಿ ಕೂರುತ್ತಿದ್ದ ಕಾಲ ಅದು. ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ನೋವುನಿವಾರಕ, ಸತ್ತ ದನದ ಮಾಂಸದ ಮೂಲಕ ರಣಹದ್ದುಗಳ ಮೂತ್ರಪಿಂಡವನ್ನು ಕೆಡಿಸಿತು. 1990ರ ದಶಕದಲ್ಲಿ ಅವು ದೇಶದಾದ್ಯಂತ ಕಣ್ಮರೆಯಾದವು. ಹಿಂದೆ ಎಷ್ಟಿದ್ದವೆಂದು ಯಾರೋ ಎಣಿಸಿ ಬರೆದಿಟ್ಟಿದ್ದ ಭರತಪುರದಂಥ ಕಡೆಗಳಲ್ಲಿ ಮಾತ್ರ ಈ ಇಳಿಮುಖವನ್ನು ನಿಖರವಾಗಿ ತೋರಿಸಲು ಸಾಧ್ಯವಾಯಿತು. 2006ರಲ್ಲಿ ಆ ಔಷಧದ ಪಶುವೈದ್ಯಕೀಯ ಬಳಕೆಗೆ ನಿಷೇಧ ಬಂತು. ಬಂದದ್ದು ತಡವಾಗಿ. ಎಲ್ಲೆಡೆಯೂ ಇರುವ ಹಕ್ಕಿಯನ್ನು ಯಾರೂ ಎಣಿಸುವುದಿಲ್ಲ; ಎಣಿಸದಿದ್ದುದು ಹೋದಾಗ ಹೋದದ್ದು ತಿಳಿಯುವುದಿಲ್ಲ.

ಈ ಇತಿಹಾಸವನ್ನು ಹಾಡಿ ಹೊಗಳುವಾಗ ಅದರ ಕೊರತೆಯನ್ನೂ ಹೇಳಬೇಕು. ಅಂದಿನ ನಿಸರ್ಗಪ್ರೇಮದ ಒಂದು ಕೈಯಲ್ಲಿ ಬಂದೂಕವಿತ್ತು. ಅದಕ್ಕಿಂತ ನಮ್ಮನ್ನು ಹೆಚ್ಚು ತಟ್ಟುವುದು ಹೆಸರುಗಳ ಪ್ರಶ್ನೆ. ವಿಲಿಯಂ ಎಂಬ ಮಂಗಟ್ಟೆಯನ್ನು ಕೊಟ್ಟವರು ಕಾರವಾರದ ಇಂಗಲ್ ಎಂಬವರು ಎಂದು ದಾಖಲೆಯಿದೆ. ಅಷ್ಟು ಎತ್ತರದ ಮರದ ಪೊಟರೆಯಿಂದ ಮರಿಯನ್ನು ಇಳಿಸಿದ ಕೈ ಯಾರದೆಂದು ದಾಖಲೆ ಹೇಳುವುದಿಲ್ಲ. ಗೂಡು ತೋರಿಸಿದವರು, ಕಂಬಳಿಹುಳು ಹುಡುಕಿ ತಂದ ಹುಡುಗರು, ಹಾವಿನ ಸ್ವಭಾವವನ್ನು ತಿಳಿಸಿದ ಮುದುಕರು ಕನ್ನಡದಲ್ಲೋ ಕೊಂಕಣಿಯಲ್ಲೋ ಹೇಳಿದ್ದು ಇಂಗ್ಲಿಷಿನಲ್ಲಿ ಬೇರೆಯವರ ಹೆಸರಿನಲ್ಲಿ ಅಚ್ಚಾಯಿತು. ತಿಳಿವಳಿಕೆ ನಮ್ಮಲ್ಲಿ ಇರಲಿಲ್ಲವೆಂದಲ್ಲ. ದಿನಾಂಕ ಹಾಕಿ ಬರೆದಿಡುವ ರೂಢಿಯಿರಲಿಲ್ಲ. ಮುಂದೆ ಕಾರಂತರು, ಬಿ.ಜಿ.ಎಲ್. ಸ್ವಾಮಿ, ತೇಜಸ್ವಿ ಕನ್ನಡಕ್ಕೆ ಗಿಡಮರ ಹಕ್ಕಿಗಳ ಸಮೃದ್ಧ ಬರವಣಿಗೆಯನ್ನು ಕೊಟ್ಟರು. ಓದುಗರಾದ ನಾವು ಅದನ್ನು ಆನಂದಿಸಿದೆವು. ನೋಡಿ ಬರೆಯುವ ಕೆಲಸವನ್ನು ಅವರಿಗೇ ಬಿಟ್ಟೆವು.

ಈ ನಗರದಲ್ಲಿ ನೋಡಲು ಇನ್ನೂ ಬೇಕಾದಷ್ಟಿದೆ. ಬೋರಿವಲಿಯ ಕಾಡಿನ ಅಂಚಿನ ವಸತಿಗಳ ಹಿಂದೆ ಚಿರತೆ ಓಡಾಡುತ್ತದೆ. ಶಿವ್ಡಿಯ ಕೆಸರಿಗೂ ಠಾಣೆಯ ಖಾರಿಗೂ ರಾಜಹಂಸಗಳು ಬರುತ್ತವೆ. ಆ ಖಾರಿಗೆ 2022ರಲ್ಲಿ ರಾಮ್ಸಾರ್ ಮಾನ್ಯತೆಯೂ ದೊರೆಯಿತು. ಆರೇ ಕಾಲೊನಿಯ ನೆಲದಿಂದ 2010ರಲ್ಲಿ ಹೊಸ ಜಾತಿಯ ಚೇಳೊಂದು ವರ್ಣಿತವಾಗಿ ಆರೇಯ ಹೆಸರನ್ನೇ ಪಡೆಯಿತು. ಕಂಡದ್ದನ್ನೆಲ್ಲ ಸಾರಬೇಕೆಂದು ಇದರ ಅರ್ಥವಲ್ಲ. ಗೂಬೆಯ ಗೂಡಿನ ಜಾಗ ಊರಿಗೆಲ್ಲ ತಿಳಿದರೆ ಮರುದಿನ ಅಲ್ಲಿ ಕ್ಯಾಮೆರಾಗಳ ಜಾತ್ರೆ ನೆರೆಯುತ್ತದೆ. ಎಷ್ಟನ್ನು ಹೇಳಬೇಕು, ಎಷ್ಟನ್ನು ಮುಚ್ಚಿಡಬೇಕು ಎಂಬ ವಿವೇಕವೂ ಈ ಹವ್ಯಾಸದ ಭಾಗ.

ಹೊರನಾಡಿನಲ್ಲಿರುವ ನಮಗೆ ಇದರಲ್ಲಿ ಒಂದು ವಿಶೇಷ ಹೊಣೆಯಿದೆ. ಮರಾಠಿಗರ ಕೋತವಾಲ ನಮ್ಮ ಕಾಜಾಣ, ಅವರ ಭಾರದ್ವಾಜ ನಮ್ಮ ಕೆಂಬೂತ. ಇಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗೆ ಹಕ್ಕಿಯ ಇಂಗ್ಲಿಷ್ ಹೆಸರು ಶಾಲೆಯಲ್ಲಿ ಸಿಗುತ್ತದೆ, ಮರಾಠಿ ಹೆಸರು ಬೀದಿಯಲ್ಲಿ ಸಿಗುತ್ತದೆ. ಕನ್ನಡದ ಹೆಸರು ಸಿಗುವುದು ಮನೆಯಲ್ಲಿ ಮಾತ್ರ. ಕಿಟಕಿಯಾಚೆಯ ತಂತಿಯ ಮೇಲೆ ಕಾಜಾಣ ಕೂತದ್ದನ್ನು ಕಂಡ ದಿನ, ಬಡಾವಣೆಯ ಹೆಸರು, ಕಂಡವರ ಹೆಸರು, ಇಷ್ಟನ್ನು ಕನ್ನಡದಲ್ಲಿ ಒಂದು ನೋಟುಪುಸ್ತಕದಲ್ಲಿ ಬರೆಯಲು ಯಾವ ಪದವಿಯೂ ಬೇಕಿಲ್ಲ. ನೂರು ವರ್ಷಗಳ ನಂತರ ಈ ಬಡಾವಣೆ ಏನಾಗಿರುತ್ತದೋ ತಿಳಿಯದು. ಇಲ್ಲಿ ಏನಿತ್ತು, ಅದನ್ನು ಯಾರು ಯಾವ ಹೆಸರಿನಿಂದ ಕರೆದರು ಎಂದು ಹುಡುಕುವವರಿಗೆ ಆ ಪುಟ ಸಿಗಬೇಕು.