ಮದುವೆ ಡಿವಿಡಿ ಕಾಪಿ ಮಾಡಿದಷ್ಟೂ ಚಿತ್ರ ಮಸುಕಾಗುತ್ತದೆಯೇ? ನಿಜಾಂಶ ಇಲ್ಲಿದೆ

ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ ಕಡೆಯ ಅನೇಕ ಮನೆಗಳ ತಿಜೋರಿಯಲ್ಲಿ ಮದುವೆ, ಕುಬಸ, ತೊಟ್ಟಿಲ ಕಾರ್ಯಕ್ರಮಗಳ ಹಳೆಯ ಡಿವಿಡಿಗಳು ಇನ್ನೂ ಇವೆ. ತೀರಿಹೋದ ಅಜ್ಜ-ಅಜ್ಜಿ ನಡೆದಾಡುವ, ಮಾತಾಡುವ ದೃಶ್ಯ ಕೆಲವು ಮನೆಗಳಲ್ಲಿ ಇರುವುದು ಆ ಒಂದೇ ಡಿಸ್ಕ್‌ನಲ್ಲಿ. ಅದನ್ನು ಕಾಪಿ ಮಾಡೋಣವೆಂದರೆ ಎರಡು ಮಾತು ಕೇಳಿಬರುತ್ತವೆ. ಒಂದು, "ಕಾಪಿ ಮಾಡಿದಷ್ಟೂ ಕ್ವಾಲಿಟಿ ಇಳಿಯುತ್ತದೆ." ಇನ್ನೊಂದು, "ಎಂಪಿ4 ಮಾಡಿಟ್ಟರೆ ಸಾಕು, ಎರಡೂ ಒಂದೇ."

ಎರಡೂ ತಪ್ಪು.

ಮೊದಲ ಮಾತು ಎಲ್ಲಿಂದ ಬಂತು?

ಇದು ವಿಡಿಯೋ ಕ್ಯಾಸೆಟ್ ಕಾಲದ ಮಾತು. ಆಗ ಅದು ನಿಜವೇ ಆಗಿತ್ತು. ಟೇಪಿನಿಂದ ಟೇಪಿಗೆ ಹೋದಾಗಲೆಲ್ಲ ಚಿತ್ರ ಮಸುಕಾಗುತ್ತಿತ್ತು. ಡಿವಿಡಿಯಲ್ಲಿರುವುದು ಅಂಕಿಗಳು. ಅಂಕಿಗಳನ್ನು ಇದ್ದಂತೆಯೇ ನಕಲಿಸಿದರೆ ನೂರನೆಯ ಕಾಪಿಯೂ ಮೊದಲನೆಯದರಂತೆಯೇ ಇರುತ್ತದೆ.

ಹಾಗಾದರೆ ಕ್ವಾಲಿಟಿ ಹಾಳಾಗುವುದು ಎಲ್ಲಿ?

"ಕನ್ವರ್ಟ್" ಮಾಡುವಾಗ. ಡಿವಿಡಿಯ ವಿಡಿಯೋ ಎಂಪೆಗ್-2 ಎಂಬ ವಿಧಾನದಲ್ಲಿ ಸಂಕುಚಿತವಾಗಿರುತ್ತದೆ. ನಮ್ಮ ದೇಶದ ಪಾಲ್ ಪದ್ಧತಿಯಲ್ಲಿ ಅದರ ಅಳತೆ 720×576, ಸೆಕೆಂಡಿಗೆ 25 ಫ್ರೇಮ್. ಕನ್ವರ್ಟ್ ಮಾಡುವ ಸಾಫ್ಟ್‌ವೇರ್ ಈ ಚಿತ್ರವನ್ನು ಬಿಚ್ಚಿ ಮತ್ತೊಮ್ಮೆ ಒತ್ತಿ ಕಟ್ಟುತ್ತದೆ. ಹೀಗೆ ಒತ್ತುವಾಗ ಪ್ರತಿಸಲ ಒಂದಿಷ್ಟು ವಿವರ ಹೋಗುತ್ತದೆ, ಮತ್ತೆ ಬರುವುದಿಲ್ಲ.

ನವಲಗುಂದದ ಜಮಖಾನೆಯನ್ನೇ ನೆನೆಯಿರಿ. ಮಡಚಿ ಬೇರೆ ಪೆಟ್ಟಿಗೆಯಲ್ಲಿಟ್ಟರೆ ಅದಕ್ಕೇನೂ ಆಗದು. ಎಳೆ ಬಿಚ್ಚಿ ಮತ್ತೆ ನೇಯ್ದರೆ ಮೊದಲಿನ ಜಮಖಾನೆ ಸಿಗದು. ಕಾಪಿ ಎಂದರೆ ಮಡಚಿಡುವುದು, ಕನ್ವರ್ಟ್ ಎಂದರೆ ಮತ್ತೆ ನೇಯುವುದು.

ಕ್ವಾಲಿಟಿ ಉಳಿಸಿ ಹೇಗೆ ಮಾಡುವುದು?

1. ಇದ್ದ ಡಿಸ್ಕ್‌ನದೇ ಇನ್ನೊಂದು ಪ್ರತಿ ಬೇಕಿದ್ದರೆ: ಕಂಪ್ಯೂಟರಿನಲ್ಲಿ ಇಡೀ ಡಿಸ್ಕ್‌ನ ಐಎಸ್‌ಒ ಫೈಲ್ ಮಾಡಿಕೊಂಡು ಹೊಸ ಡಿಸ್ಕ್‌ಗೆ ಬರ್ನ್ ಮಾಡಿ. ಮೆನು ಸಹಿತ ಎಲ್ಲವೂ ಇದ್ದಂತೆಯೇ ಬರುತ್ತದೆ. ಆ ಐಎಸ್‌ಒ ಫೈಲನ್ನು ಹಾರ್ಡ್ ಡಿಸ್ಕ್‌ನಲ್ಲೂ ಇಟ್ಟುಕೊಳ್ಳಿ.

2. ಎರಡು-ಮೂರು ಡಿಸ್ಕ್‌ಗಳ ಭಾಗ ಸೇರಿಸಿ ಹೊಸ ಡಿವಿಡಿ ಬೇಕಿದ್ದರೆ: ಡಿಸ್ಕ್‌ನೊಳಗಿನ ವಿಒಬಿ ಫೈಲ್‌ಗಳಲ್ಲಿಯೇ ವಿಡಿಯೋ ಇರುತ್ತದೆ. ಡಿವಿಡಿಸ್ಟೈಲರ್‌ನಂಥ ಉಚಿತ ಸಾಫ್ಟ್‌ವೇರ್‌ಗೆ ಅವನ್ನೇ ಕೊಟ್ಟು, ವಿಡಿಯೋ ಮತ್ತು ಆಡಿಯೋ ಎರಡಕ್ಕೂ "ಕಾಪಿ" ಆಯ್ಕೆ ಮಾಡಿ. ಪ್ರಾಜೆಕ್ಟ್ ಪಾಲ್‌ನಲ್ಲಿರಲಿ. ಆಗ ಹೊಸ ಮೆನು ಮಾತ್ರ ಹೊಸದಾಗಿ ತಯಾರಾಗುತ್ತದೆ, ಮದುವೆಯ ದೃಶ್ಯಗಳನ್ನು ಅದು ಮುಟ್ಟುವುದಿಲ್ಲ.

3. ಮೊಬೈಲ್ ವಿಡಿಯೋವನ್ನು ಡಿವಿಡಿ ಮಾಡಬೇಕಿದ್ದರೆ: ಇಲ್ಲಿ ಕನ್ವರ್ಟ್ ತಪ್ಪದು. ಮೊಬೈಲ್‌ನ ಎಂಪಿ4 ವಿಡಿಯೋ ಡಿವಿಡಿಯ ನಿಯಮಕ್ಕೆ ಹೊಂದುವುದಿಲ್ಲ. ಆದರೆ ಒಂದೇ ಸಲ ಮಾಡಿ, ಅದೂ ಕ್ಯಾಮೆರಾದ ಮೂಲ ಫೈಲ್‌ನಿಂದ. ವಾಟ್ಸಾಪ್‌ನಲ್ಲಿ ಬಂದದ್ದು ಆಗಲೇ ಒಮ್ಮೆ ಒತ್ತಿದ ಪ್ರತಿ. ಮೂಲ ಫೈಲನ್ನು ಅಳಿಸಬೇಡಿ.

ಒಂದು ಡಿಸ್ಕ್‌ಗೆ ಎಷ್ಟು ಹೊತ್ತಿನ ವಿಡಿಯೋ?

ಸಾಮಾನ್ಯ ಡಿವಿಡಿಯ ಸಾಮರ್ಥ್ಯ 4.7 ಜಿಬಿ. ಸೆಕೆಂಡಿಗೆ 8 ಮೆಗಾಬಿಟ್ ಲೆಕ್ಕದಲ್ಲಿ ಸುಮಾರು 75 ನಿಮಿಷ ಹಿಡಿಯುತ್ತದೆ. ಮೂರು ತಾಸಿನ ಮದುವೆಯನ್ನು ಒಂದರಲ್ಲೇ ತುರುಕಿದರೆ ಸೆಕೆಂಡಿಗೆ ಉಳಿಯುವುದು ಸುಮಾರು 3.5 ಮೆಗಾಬಿಟ್ ಮಾತ್ರ. ಅಕ್ಷತೆ ಬೀಳುವಾಗ, ಜನ ಓಡಾಡುವಾಗ ಚಿತ್ರ ಚೌಕ ಚೌಕವಾಗಿ ಒಡೆಯುವುದು ಇದರಿಂದಲೇ. ಎರಡು ಡಿಸ್ಕ್ ಮಾಡುವುದು ಒಳ್ಳೆಯದು.

ಕಾಪಿ ಆಯಿತೋ, ಕನ್ವರ್ಟ್ ಆಯಿತೋ ತಿಳಿಯುವುದು ಹೇಗೆ?

ಫೈಲ್‌ನ ಗಾತ್ರ ನೋಡಿ. ಕಾಪಿಯಾಗಿದ್ದರೆ ಹಳೆಯದೂ ಹೊಸದೂ ಹೆಚ್ಚುಕಡಿಮೆ ಒಂದೇ ಇರುತ್ತವೆ. 4 ಜಿಬಿ ಇದ್ದದ್ದು 700 ಎಂಬಿ ಆಗಿದ್ದರೆ ಅದು ಖಂಡಿತ ಕನ್ವರ್ಟ್ ಆಗಿದೆ. ಸ್ಟುಡಿಯೋದಲ್ಲಿ ಮಾಡಿಸುವುದಾದರೆ "ಕನ್ವರ್ಟ್ ಬೇಡ, ಡಿಸ್ಕ್ ಇದ್ದಂಗ ಕಾಪಿ ಮಾಡಿಕೊಡ್ರಿ" ಎಂದು ಸ್ಪಷ್ಟವಾಗಿ ಹೇಳಿ.

"ಹಳೆ ಡಿವಿಡಿಯನ್ನು 4ಕೆ ಮಾಡುತ್ತೇವೆ" ಎನ್ನುವ ಆ್ಯಪ್‌ಗಳನ್ನು ನಂಬಿ ಮೂಲವನ್ನು ಬಿಸಾಡಬೇಡಿ. ಕ್ಯಾಮೆರಾ ಸೆರೆಹಿಡಿಯದ ವಿವರವನ್ನು ಯಾವ ಆ್ಯಪ್ ಕೂಡ ಮರಳಿ ತರಲಾರದು. ಚಿತ್ರವನ್ನು ಹಿಗ್ಗಿಸಿ, ಊಹೆಯಿಂದ ತುಂಬುತ್ತದೆ ಅಷ್ಟೇ.

ಸಂಬಂಧಿಕರಿಗೆ ಕಳಿಸುವುದು ಹೇಗೆ?

ವಾಟ್ಸಾಪ್‌ನಲ್ಲಿ ವಿಡಿಯೋ ಎಂದು ಕಳಿಸಿದರೆ ಅದು ಮತ್ತೆ ಒತ್ತುತ್ತದೆ. "ಡಾಕ್ಯುಮೆಂಟ್" ಎಂದು ಕಳಿಸಿದರೆ ಫೈಲ್ ಇದ್ದಂತೆಯೇ ತಲುಪುತ್ತದೆ. 2 ಜಿಬಿವರೆಗೆ ಕಳಿಸಬಹುದು. ಡಿವಿಡಿಯ ಒಂದೊಂದು ವಿಒಬಿ ಫೈಲ್ 1 ಜಿಬಿ ಮೀರುವುದಿಲ್ಲ, ಹಾಗಾಗಿ ಅಡ್ಡಿಯಿಲ್ಲ. ಮೊಬೈಲ್‌ನಲ್ಲಿ ಅದನ್ನು ನೋಡಲು ವಿಎಲ್‌ಸಿ ಆ್ಯಪ್ ಸಾಕು.

ನಮ್ಮ ತೀರ್ಮಾನ: ಕಾಪಿಯಿಂದ ಕ್ವಾಲಿಟಿ ಹೋಗುವುದಿಲ್ಲ, ಕನ್ವರ್ಟ್‌ನಿಂದ ಹೋಗುತ್ತದೆ. ಆದರೆ ಡಿಸ್ಕ್‌ಗೂ ಆಯುಷ್ಯವಿದೆ. ಮನೆಯಲ್ಲಿ, ಸ್ಟುಡಿಯೋದಲ್ಲಿ ಬರ್ನ್ ಮಾಡಿದ ಡಿವಿಡಿಯಲ್ಲಿ ದೃಶ್ಯ ದಾಖಲಾಗುವುದು ಬಣ್ಣದ ಪದರದಲ್ಲಿ. ಬಿಸಿಲು, ಸೆಕೆಗೆ ಅದು ಕೆಡುತ್ತದೆ. ಡಿಸ್ಕ್ ಇನ್ನೂ ಓಡುತ್ತಿರುವಾಗಲೇ ಇದ್ದಂತೆ ಕಾಪಿ ಮಾಡಿ, ಎರಡು ಕಡೆ ಇಡಿ. ಕನ್ವರ್ಟ್ ಯಾವಾಗ ಬೇಕಾದರೂ ಮಾಡಬಹುದು. ಮೂಲ ಹೋದರೆ ಮತ್ತೆ ಸಿಗದು.